ಹಳೇ ಏರ್‌ಪೋರ್ಟ್ ರಸ್ತೆಯ ಏರ್‌ಪೋರ್ಟ್ ಮುಚ್ಚಿದ್ದು ನಿಜವೇ?

ಪ್ರಶ್ನೆ: ನಾನು ಮಾರತಹಳ್ಳಿಗೆ ಬಂದು ನೆಲೆಸಿ ಎರಡು ವರ್ಷವಾಯಿತು. ನಮ್ಮ ರಸ್ತೆಯನ್ನು ಎಲ್ಲರೂ ಹಳೇ ಏರ್‌ಪೋರ್ಟ್ ರಸ್ತೆ ಎನ್ನುತ್ತಾರೆ. ಆದರೆ ದಿನವೂ ಅಲ್ಲಿಂದ ವಿಮಾನಗಳು ಏಳುವುದನ್ನೂ ಇಳಿಯುವುದನ್ನೂ ನೋಡುತ್ತೇನೆ. ಎಚ್‌ಎಎಲ್ ವಿಮಾನ ನಿಲ್ದಾಣ ಬೆಂಗಳೂರಿನ ಮುಖ್ಯ ನಿಲ್ದಾಣವಾದದ್ದು ಹೇಗೆ, ಅದನ್ನು ಮುಚ್ಚಿದ್ದೇಕೆ, ಮತ್ತೆ ತೆರೆಯುವ ಸಾಧ್ಯತೆ ಇದೆಯೇ? ನಮ್ಮ ಮನೆಯ ಮೇಲೆ ಕೆಲವು ತಿಂಗಳು ವಿಮಾನಗಳು ತೀರಾ ಕೆಳಗೆ ಬರುತ್ತವೆ, ಕೆಲವು ತಿಂಗಳು ಬರುವುದೇ ಇಲ್ಲ. ಇದಕ್ಕೇನು ಕಾರಣ?

ಉತ್ತರ: ನಿಮ್ಮ ಕಣ್ಣಿಗೆ ಕಂಡದ್ದೇ ಸರಿ. ಆ ನಿಲ್ದಾಣ ಮುಚ್ಚಿಲ್ಲ. 2008ರ ಮೇ 23ರ ರಾತ್ರಿ ಅಲ್ಲಿಂದ ಹೊರಟುಹೋದದ್ದು ಟಿಕೆಟ್ ಕೊಂಡು ಹತ್ತುವ ಪ್ರಯಾಣಿಕರ ವಿಮಾನಗಳು ಮಾತ್ರ. ರನ್‌ವೇ ಆಗಲೂ ಕೆಲಸ ಮಾಡುತ್ತಿತ್ತು, ಈಗಲೂ ಮಾಡುತ್ತಿದೆ. ನೀವು ಕೇಳಿರುವ ಉಳಿದ ಪ್ರಶ್ನೆಗಳಿಗೂ ಉತ್ತರ ಸಿಗಬೇಕಾದರೆ ಮೊದಲು ಒಂದು ವಿಷಯವನ್ನು ಗಮನದಲ್ಲಿಟ್ಟುಕೊಳ್ಳಬೇಕು: ಆ ರನ್‌ವೇ ಎಂದೂ ಊರಿನದಾಗಿರಲಿಲ್ಲ. ಅದು ಒಂದು ಕಾರ್ಖಾನೆಯ ರನ್‌ವೇ. ಬೆಂಗಳೂರು ಅದನ್ನು ಅರ್ಧ ಶತಮಾನಕ್ಕೂ ಮೀರಿ ಬಳಸಿಕೊಂಡಿತು, ಅಷ್ಟೆ.

ಕಾರ್ಖಾನೆಯ ಕಥೆ ಶುರುವಾಗುವುದು ಎರಡನೆಯ ಮಹಾಯುದ್ಧದ ಆರಂಭದ ದಿನಗಳಲ್ಲಿ. ಮುಂಬಯಿಯ ಉದ್ಯಮಿ ವಾಲಚಂದ್ ಹೀರಾಚಂದ್ ಅವರಿಗೆ 1939ರಲ್ಲಿ ಪೆಸಿಫಿಕ್ ಸಾಗರ ದಾಟುವ ವಿಮಾನ ಪ್ರಯಾಣವೊಂದರಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕದ ವ್ಯಾಪಾರಿಯ ಪರಿಚಯವಾಯಿತು. ಪಾಲಿ ಆಗ ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದವರು. ಭಾರತದಲ್ಲಿಯೂ ಅಂಥದ್ದೊಂದನ್ನು ಏಕೆ ಕಟ್ಟಬಾರದು ಎಂಬ ಮಾತಿನಿಂದ ಆರಂಭವಾದದ್ದು 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಕಂಪನಿಯಾಗಿ ನೋಂದಣಿಯಾಯಿತು. ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಉತ್ಸಾಹದಿಂದ 700 ಎಕರೆ ನೆಲವೂ 25 ಲಕ್ಷ ರೂಪಾಯಿ ಬಂಡವಾಳವೂ ದೊರೆತವು. ಬೆಂಗಳೂರನ್ನು ಆರಿಸಿಕೊಂಡದ್ದಕ್ಕೆ ಸಂಸ್ಥಾನದ ಔದಾರ್ಯವೊಂದೇ ಕಾರಣವಲ್ಲ. ಊರು ಕಡಲಿನಿಂದ ದೂರ, ಶತ್ರುವಿನ ಹಡಗುಗಳಿಗೆ ನಿಲುಕದ ಎತ್ತರದ ನೆಲ. ಶಿವನಸಮುದ್ರದಿಂದ ಬರುವ ಜಲವಿದ್ಯುತ್ತು ಅಷ್ಟು ಹೊತ್ತಿಗೆ ನಾಲ್ಕು ದಶಕ ಹಳೆಯದು. ಭದ್ರಾವತಿಯಲ್ಲಿ ಉಕ್ಕು, ಊರೊಳಗೇ ಭಾರತೀಯ ವಿಜ್ಞಾನ ಸಂಸ್ಥೆ. ವರ್ಷದ ಹೆಚ್ಚಿನ ದಿನ ಹಾರಾಟಕ್ಕೆ ಒಗ್ಗುವ ಹವೆಯಂತೂ ಇದ್ದೇ ಇತ್ತು.

1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನವನ್ನು ಇಲ್ಲಿ ಜೋಡಿಸಿ ಹಾರಿಸಿದರು. ಮರುವರ್ಷ ಕರ್ಟಿಸ್ ಹಾಕ್ ಯುದ್ಧವಿಮಾನದ ಸರದಿ. ಅಷ್ಟರಲ್ಲಿ ಜಪಾನಿನ ಸೇನೆ ಬರ್ಮಾ ಹೊಕ್ಕಿತ್ತು, 1942ರ ಏಪ್ರಿಲ್‌ನಲ್ಲಿ ವಿಶಾಖಪಟ್ಟಣದ ಮೇಲೂ ಬಾಂಬು ಬಿದ್ದಿತ್ತು. ಯುದ್ಧ ಇಷ್ಟು ಹತ್ತಿರ ಬಂದಿರುವಾಗ ವಿಮಾನ ಕಾರ್ಖಾನೆ ಖಾಸಗಿಯವರ ಕೈಯಲ್ಲಿರುವುದು ಬೇಡವೆಂದು ಭಾರತ ಸರ್ಕಾರ ಅದೇ ವರ್ಷ ವಾಲಚಂದ್ ಅವರ ಪಾಲನ್ನು ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆಯ ಉಸ್ತುವಾರಿ ಅಮೆರಿಕದ ಸೇನಾ ವಾಯುಪಡೆಗೆ ಹೋಯಿತು. ಹೊಸ ವಿಮಾನ ಕಟ್ಟುವ ಕೆಲಸ ಬದಿಗೆ ಸರಿದು, ಪೂರ್ವದ ರಣಭೂಮಿಯಿಂದ ಜಖಂ ಆಗಿ ಬಂದವನ್ನು ಬಿಚ್ಚಿ, ತೊಳೆದು, ಮತ್ತೆ ಹಾರುವಂತೆ ಮಾಡುವ ದೊಡ್ಡ ರಿಪೇರಿ ಕೇಂದ್ರವಾಗಿ ಅದು ಬೆಳೆಯಿತು. ಡಕೋಟಾಗಳು ರನ್‌ವೇಗೆ ಬಂದಿಳಿಯುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾಗಳಿಗೆ ಪಕ್ಕದ ಬೆಳ್ಳಂದೂರು ಕೆರೆಯೇ ರನ್‌ವೇ ಆಗಿತ್ತು. ಇಂದು ನೊರೆಯ ಸುದ್ದಿಯಿಂದಷ್ಟೇ ನೆನಪಾಗುವ ಆ ಕೆರೆಗೆ ಅಂಥದ್ದೊಂದು ಕಾಲವಿತ್ತೆಂದು ನಂಬುವುದು ಕಷ್ಟ.

ಯುದ್ಧ ಮುಗಿದ ಮೇಲೆ ಕಾರ್ಖಾನೆಗೆ ಕೈತುಂಬ ಕೆಲಸವಿರಲಿಲ್ಲ. ವಿಮಾನದ ಲೋಹದ ಹಾಳೆ ಬಗ್ಗಿಸಲು ಕಲಿತ ಕೈಗಳು ರೈಲು ಬೋಗಿಗಳನ್ನು ಕಟ್ಟಿದವು. ರನ್‌ವೇಗೆ ನಾಗರಿಕ ವಿಮಾನಗಳು ಬರತೊಡಗಿದ್ದು ಈ ಅವಧಿಯಲ್ಲಿ. ಯುದ್ಧಕಾಲದ ಡಕೋಟಾಗಳು ಸೀಟು ಹಾಕಿಸಿಕೊಂಡು ಪ್ರಯಾಣಿಕರನ್ನು ಹೊರತೊಡಗಿದವು. 1953ರಲ್ಲಿ ಖಾಸಗಿ ಕಂಪನಿಗಳನ್ನು ರಾಷ್ಟ್ರೀಕರಿಸಿದ ಮೇಲೆ ಇಂಡಿಯನ್ ಏರ್‌ಲೈನ್ಸ್ ಬಂದಿತು. ಇದಕ್ಕಾಗಿ ಬೇರೆ ವಿಮಾನ ನಿಲ್ದಾಣವನ್ನೇನೂ ಕಟ್ಟಲಿಲ್ಲ. ಇದ್ದ ರನ್‌ವೇಯ ಬದಿಯಲ್ಲಿ ಒಂದಿಷ್ಟು ಜಾಗ ಬಿಡಿಸಿಕೊಂಡು ಟರ್ಮಿನಲ್ ಎಬ್ಬಿಸಿದರು. ಇಂಥ ಏರ್ಪಾಟಿಗೆ ವಿಮಾನಯಾನದವರ ಭಾಷೆಯಲ್ಲಿ ಸಿವಿಲ್ ಎನ್‌ಕ್ಲೇವ್ ಎಂಬ ಹೆಸರಿದೆ. ರನ್‌ವೇ, ನಿಯಂತ್ರಣ ಗೋಪುರ ಎಲ್ಲವೂ ಒಡೆಯನವು. ಪ್ರಯಾಣಿಕರು ಕೂರುವ, ಸಾಮಾನು ತೂಗಿಸುವ ಕಟ್ಟಡ ಮಾತ್ರ ವಿಮಾನ ನಿಲ್ದಾಣ ಪ್ರಾಧಿಕಾರದ್ದು. ಪುಣೆಯ ಲೋಹೆಗಾಂವ್‌ನಲ್ಲಿ ಒಡೆಯ ವಾಯುಪಡೆ, ಗೋವೆಯ ದಾಬೋಲಿಮ್‌ನಲ್ಲಿ ನೌಕಾಪಡೆ. ಬೆಂಗಳೂರಿನಲ್ಲಿ ಒಡೆಯ ಒಂದು ಕಾರ್ಖಾನೆ, ಅಂದರೆ 1964ರಿಂದ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಎನ್ನಿಸಿಕೊಂಡ ಎಚ್‌ಎಎಲ್.

ಒಡೆಯನ ಮನೆಯೂ ಸುಮ್ಮನಿರಲಿಲ್ಲ. ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಇದೇ ರನ್‌ವೇಯಿಂದ ಎದ್ದಿತು. ಯುದ್ಧಕಾಲದಲ್ಲಿ ಜರ್ಮನಿಗಾಗಿ ಫಾಕೆ-ವುಲ್ಫ್ ವಿಮಾನಗಳನ್ನು ರೂಪಿಸಿದ್ದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಕೈಗೆತ್ತಿಕೊಂಡ ಮಾರುತ್ ಜೆಟ್ ಯುದ್ಧವಿಮಾನ 1961ರ ಜೂನ್‌ನಲ್ಲಿ ಮೊದಲ ಸಲ ಹಾರಿತು. ಅದನ್ನು ಹಾರಿಸಿದವರು ಸುರಂಜನ್ ದಾಸ್. ಅದೇ ಮಾರುತ್‌ನ ಸುಧಾರಿತ ಮಾದರಿಯೊಂದನ್ನು ಪರೀಕ್ಷಿಸಲು 1970ರ ಜನವರಿ 10ರಂದು ಏರಿದ ದಾಸ್, ಟೇಕಾಫ್ ಆದ ಸ್ವಲ್ಪ ಹೊತ್ತಿಗೇ ಅಪಘಾತದಲ್ಲಿ ತೀರಿಕೊಂಡರು. ಹಳೇ ಮದ್ರಾಸ್ ರಸ್ತೆಯಿಂದ ನಿಮ್ಮ ರಸ್ತೆಗೆ ಬಂದು ಸೇರುವ ಸುರಂಜನ್ ದಾಸ್ ರಸ್ತೆಗೆ ಇಟ್ಟಿರುವುದು ಅವರ ಹೆಸರನ್ನು. ದಿನಕ್ಕೆರಡು ಬಾರಿ ಅಲ್ಲಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ! ಪ್ರಸಂಗ ಬಂದದ್ದರಿಂದ ಒಂದು ಮಾತು: ಮಾರುತ್ ವಿಮಾನದಿಂದಲೇ ಮಾರತಹಳ್ಳಿಗೆ ಆ ಹೆಸರು ಬಂತೆಂದು ಅನೇಕರು ಹೇಳುವುದುಂಟು. ಕೇಳಲು ಸೊಗಸಾಗಿದೆ, ಆದರೆ ಆ ವಿಮಾನ ಮೊದಲು ಹಾರಿದ್ದೇ 1961ರಲ್ಲಿ, ಹಳ್ಳಿ ಅದಕ್ಕೂ ಬಹಳ ಮುಂಚಿನದು. ವಿಮಾನಗಳಿಂದ ನಿಜಕ್ಕೂ ಹೆಸರು ಪಡೆದ ಜಾಗ ಬೇಕಿದ್ದರೆ ವಿಮಾನಪುರ ಇದೆ, ಮುರುಗೇಶಪಾಳ್ಯದ ವಿಂಡ್ ಟನಲ್ ರಸ್ತೆ ಇದೆ.

ಪ್ರಯಾಣಿಕರ ಸಂಖ್ಯೆ ಬಹಳ ವರ್ಷ ಹಿತಮಿತವಾಗಿಯೇ ಇತ್ತು. ಮುಂಬಯಿ, ದೆಹಲಿ, ಮದರಾಸುಗಳಿಗೆ ದಿನಕ್ಕೆ ಕೆಲವೇ ವಿಮಾನಗಳು. ಪರೀಕ್ಷಾ ಹಾರಾಟಗಳ ನಡುವೆ ಅವುಗಳಿಗೆ ಜಾಗ ಮಾಡಿಕೊಡುವುದು ದೊಡ್ಡ ತಾಪತ್ರಯವೇನೂ ಆಗಿರಲಿಲ್ಲ. ಆ ಕಾಲದ ನೆನಪುಗಳಲ್ಲಿ ಅತ್ಯಂತ ಕಹಿಯಾದದ್ದು 1990ರ ಫೆಬ್ರುವರಿ 14ರದು. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ಸಂಖ್ಯೆಯ ವಿಮಾನ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ, ಆಕಾಶ ಶುಭ್ರವಾಗಿದ್ದಾಗಲೇ, ರನ್‌ವೇಗೆ ಇನ್ನೂ ಸುಮಾರು 700 ಮೀಟರ್ ಇರುವಂತೆ ಗಾಲ್ಫ್ ಮೈದಾನಕ್ಕೆ ತಾಗಿತು. ಪುಟಿದು ಮತ್ತೆ ಬಿದ್ದು, ಮುಂದಿದ್ದ ಏರಿಗೆ ಅಪ್ಪಳಿಸಿ, ನಿಲ್ದಾಣದ ಗೋಡೆಯ ಹೊರಗೇ ನಿಂತು ಹೊತ್ತಿಕೊಂಡಿತು. ಅದರಲ್ಲಿದ್ದ 146 ಮಂದಿಯಲ್ಲಿ 92 ಜನ ಸತ್ತರು. ಆ ಏರ್‌ಬಸ್ ಎ320 ಆಗ ಹೊಚ್ಚ ಹೊಸ ಮಾದರಿ, ಕಂಪನಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಇಳಿಯುವಾಗ ಸ್ವಯಂಚಾಲಿತ ವ್ಯವಸ್ಥೆ ಎಂಜಿನ್‌ಗಳ ಶಕ್ತಿಯನ್ನು ಕನಿಷ್ಠ ಮಟ್ಟಕ್ಕೆ ಇಳಿಸಿರುವ ಸ್ಥಿತಿಯಲ್ಲಿತ್ತು. ವೇಗ ಕುಗ್ಗುತ್ತಿದ್ದುದನ್ನು ಪೈಲಟ್‌ಗಳು ಸಕಾಲದಲ್ಲಿ ಅರಿತು, ಎಂಜಿನ್ ಶಕ್ತಿ ಹೆಚ್ಚಿಸುವ ಹಿಡಿಯಾದ ಥ್ರಾಟಲ್ಲನ್ನು ಮುಂದಕ್ಕೆ ತಳ್ಳಲಿಲ್ಲವೆಂಬುದು ತನಿಖೆಯ ನಿರ್ಣಯವಾಗಿತ್ತು. ಎಂಜಿನ್‌ಗಳು ಮತ್ತೆ ಶಕ್ತಿ ಪಡೆಯತೊಡಗಿದ್ದವು, ಆದರೆ ಅಷ್ಟರಲ್ಲಿ ಎತ್ತರ ಮುಗಿದಿತ್ತು. ಹೀಗಾಗಿ ಈ ಅಪಘಾತವನ್ನು ನಿಲ್ದಾಣದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಸ್ಥಳಾಂತರದ ಮಾತು ಮರುವರ್ಷವೇ ಎದ್ದದ್ದರಿಂದ ಕೆಲವರು ಎರಡಕ್ಕೂ ಗಂಟು ಹಾಕುತ್ತಾರೆ. ನನಗೆ ಅದು ಒಪ್ಪಿಗೆಯಾಗದು.

ಸ್ಥಳಾಂತರಕ್ಕೆ ನಿಜವಾದ ಕಾರಣ ಇಕ್ಕಟ್ಟು. 3,300 ಮೀಟರ್ ಉದ್ದದ ಒಂದೇ ರನ್‌ವೇ. ಪಶ್ಚಿಮಕ್ಕೆ ಗಾಲ್ಫ್ ಮೈದಾನ ಮತ್ತು ದೊಮ್ಮಲೂರು, ಪೂರ್ವಕ್ಕೆ ಮಾರತಹಳ್ಳಿ, ಉತ್ತರಕ್ಕೆ ರಸ್ತೆ, ಜೊತೆಗೆ ಕಾರ್ಖಾನೆಯ ಕಟ್ಟಡಗಳು. ಎರಡನೆಯ ರನ್‌ವೇ ಹಾಕಲು ಜಾಗ ಎಲ್ಲಿಂದ ತರುವುದು? 1991ರ ಮಾರ್ಚ್‌ನಲ್ಲಿ, ರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಅಧ್ಯಕ್ಷರಾಗಿದ್ದ ಎಸ್. ರಾಮನಾಥನ್ ಅವರ ಸಮಿತಿ ಹೊಸ ಜಾಗ ಹುಡುಕಲು ಹೊರಟು ದೇವನಹಳ್ಳಿಯನ್ನು ಆರಿಸಿತು. ಉದಾರೀಕರಣದ ನೀತಿ ಜಾರಿಗೆ ಬಂದದ್ದು ಅದೇ ವರ್ಷದ ಜುಲೈನಲ್ಲಿ ಎಂಬುದನ್ನು ಗಮನಿಸಿ. ಅಂದರೆ ಐಟಿ ಕಂಪನಿಗಳ ಸುಗ್ಗಿ ಬರುವ ಮೊದಲೇ ನಿಲ್ದಾಣ ಸಾಲದೆಂಬುದು ಬಲ್ಲವರಿಗೆ ತಿಳಿದಿತ್ತು. ತಿಳಿದದ್ದು ಕೈಗೂಡಲು ಹದಿನೇಳು ವರ್ಷ ಬೇಕಾದವು. 1995ರಲ್ಲಿ ಟಾಟಾ, ರೇಥಿಯಾನ್ ಮತ್ತು ಸಿಂಗಪುರದ ಚಾಂಗಿ ನಿಲ್ದಾಣದ ಸಂಸ್ಥೆ ಸೇರಿ ರಾಜ್ಯ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡವು. ಅನುಮತಿಗಾಗಿ ಕಾದು ಕಾದು 1998ರಲ್ಲಿ ಹಿಂದೆ ಸರಿದವು. ಎಚ್‌ಎಎಲ್ ನಿಲ್ದಾಣವನ್ನು ಏನು ಮಾಡುವುದೆಂಬ ತೀರ್ಮಾನವಾಗದಿದ್ದುದೂ ಅದಕ್ಕೊಂದು ಕಾರಣ. ಆಮೇಲೆ ಸೀಮೆನ್ಸ್, ಜೂರಿಕ್ ವಿಮಾನ ನಿಲ್ದಾಣ ಮತ್ತು ಎಲ್ ಅಂಡ್ ಟಿ ಕಂಪನಿಗಳ ಕೂಟ ಬಂತು. ಕಾಮಗಾರಿ ಶುರುವಾಗುವ ಹೊತ್ತಿಗೆ 2005ರ ಜುಲೈ.

ಅಷ್ಟರಲ್ಲಿ ಹಳೆಯ ನಿಲ್ದಾಣ ಉಸಿರುಗಟ್ಟುವ ಸ್ಥಿತಿಗೆ ಬಂದಿತ್ತು. ವಿದೇಶೀ ಹಾರಾಟಗಳು ಸೇರಿಕೊಂಡಿದ್ದವು. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಿಂದ ಬೆಂಗಳೂರನ್ನೇ ನೆಲೆ ಮಾಡಿಕೊಂಡು ಅಗ್ಗದ ಟಿಕೆಟ್ ಮಾರಿದಾಗ, ಅಲ್ಲಿಯವರೆಗೆ ರೈಲಿನಲ್ಲೋ ರಾತ್ರಿ ಬಸ್ಸಿನಲ್ಲೋ ಹೋಗುತ್ತಿದ್ದವರೂ ಆ ಬಾಗಿಲಿಗೆ ಬಂದು ನಿಂತರು. 2007-08ರ ಹೊತ್ತಿಗೆ ವರ್ಷಕ್ಕೆ ಸುಮಾರು ಒಂದು ಕೋಟಿ ಪ್ರಯಾಣಿಕರು ಹಾದುಹೋಗುತ್ತಿದ್ದ ಆ ಟರ್ಮಿನಲ್ಲನ್ನು ಕಟ್ಟಿದ್ದು ಅದರ ಅರ್ಧಕ್ಕೂ ಕಡಿಮೆ ಜನರಿಗಾಗಿ. ಇಳಿಯಲು ಸರದಿ ಸಿಗದ ವಿಮಾನಗಳು ಊರಿನ ಮೇಲೆ ಸುತ್ತು ಹೊಡೆಯುತ್ತಿದ್ದವು. ಕೆಳಗೆ, ಒಳಗೆ ಹೋಗುವವರ ಸಾಲು, ಬೀಳ್ಕೊಡಲು ಬಂದ ಬಂಧುಬಳಗ, ಟ್ಯಾಕ್ಸಿಯವರು ಎಲ್ಲರೂ ಒಂದೇ ಕಿರಿದಾದ ಜಗಲಿಯಲ್ಲಿ ಒತ್ತರಿಸಿಕೊಂಡು ನಿಲ್ಲಬೇಕಾಗಿತ್ತು.

ಇಷ್ಟಾದರೂ ಹಳೆಯದನ್ನು ಬಿಡಲು ಊರಿಗೆ ಮನಸ್ಸಿರಲಿಲ್ಲ. 2004ರ ಜುಲೈನಲ್ಲಿ ಕೇಂದ್ರ ಸರ್ಕಾರ ಮತ್ತು ಹೊಸ ನಿಲ್ದಾಣದ ಕಂಪನಿಯ ನಡುವೆ ಆದ ಒಪ್ಪಂದದಲ್ಲಿ ಎರಡು ಷರತ್ತುಗಳಿದ್ದವು. ಹೊಸದು ತೆರೆದ ದಿನವೇ ಎಚ್‌ಎಎಲ್‌ನಿಂದ ಸಾರ್ವಜನಿಕ ಪ್ರಯಾಣಿಕ ವಿಮಾನಗಳು ನಿಲ್ಲಬೇಕು. ಮೈಸೂರು ಮತ್ತು ಹಾಸನಗಳನ್ನು ಬಿಟ್ಟು 150 ಕಿಲೋಮೀಟರ್ ದೂರದೊಳಗೆ 25 ವರ್ಷ ಇನ್ನೊಂದು ನಿಲ್ದಾಣಕ್ಕೆ ಅವಕಾಶ ಕೊಡಬಾರದು. ಒಪ್ಪಂದಕ್ಕೆ ಸಹಿ ಬಿದ್ದಾಗ ಇದರ ಬಗ್ಗೆ ಹೆಚ್ಚು ಮಾತಾಡದವರೆಲ್ಲ 2008ರ ಮಾರ್ಚ್‌ನಲ್ಲಿ ಬೀದಿಗಿಳಿದರು. ಬೆಂಗಳೂರಿನ ಎಚ್‌ಎಎಲ್ ಮತ್ತು ಹೈದರಾಬಾದಿನ ಬೇಗಂಪೇಟೆ ನಿಲ್ದಾಣಗಳನ್ನು ಮುಚ್ಚಬಾರದೆಂದು ಪ್ರಾಧಿಕಾರದ ನೌಕರರು ದೇಶದಾದ್ಯಂತ ಮುಷ್ಕರ ಹೂಡಿದರು. ಹೊಸ ನಿಲ್ದಾಣ ಈಗಲೇ ಚಿಕ್ಕದಾಯಿತು, ದಾರಿಯೂ ದೂರವಾಯಿತು ಎಂದು ನಾಗರಿಕರೂ ಉದ್ಯಮಿಗಳೂ ಮೆರವಣಿಗೆ ನಡೆಸಿದರು. ಅವರ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಎಂ.ಜಿ. ರಸ್ತೆಯಿಂದ ಹಳೆಯ ನಿಲ್ದಾಣ ಹತ್ತು ಕಿಲೋಮೀಟರ್ ಒಳಗೆ, ಹೊಸದು ಮೂವತ್ತೈದರ ಆಚೆ.

ಉದ್ಘಾಟನೆಯ ದಿನ ಎರಡು ಸಲ ಮುಂದೆ ಹೋಗಿ ಕೊನೆಗೆ ಮೇ 24 ಎಂದು ಗೊತ್ತಾಯಿತು. ಹಿಂದಿನ ದಿನ, ಅಂದರೆ ಮೇ 23ರ ಶುಕ್ರವಾರ, ಹೈಕೋರ್ಟಿನಲ್ಲಿ ವಿಚಾರಣೆ ರಾತ್ರಿಯವರೆಗೂ ಎಳೆಯಿತು. ಅತ್ತ ವಿಧಾನಸಭಾ ಚುನಾವಣೆಯ ಮತದಾನ ಮುಗಿದು, ಭಾನುವಾರದ ಎಣಿಕೆಗಾಗಿ ರಾಜ್ಯವೇ ಕಾಯುತ್ತಿತ್ತು. ಮಧ್ಯರಾತ್ರಿಯ ನಂತರ ಸಿಂಗಪುರಕ್ಕೆ ಹೋಗಬೇಕಿದ್ದ ಏರ್ ಇಂಡಿಯಾ ವಿಮಾನವೊಂದಕ್ಕೆ ಮುಂಚಿತವಾಗಿ ಅನುಮತಿ ಸಿಕ್ಕಿದ್ದರಿಂದ ಅದು ರಾತ್ರಿ 10 ಗಂಟೆ 40 ನಿಮಿಷಕ್ಕೇ ದೇವನಹಳ್ಳಿಯಲ್ಲಿ ಇಳಿಯಿತು. ಹೀಗೆ ಒಂದೆರಡು ಗಂಟೆಗಳ ಕಾಲ ಊರಿಗೆ ಎರಡು ನಿಲ್ದಾಣಗಳಿದ್ದವು. ಹನ್ನೆರಡಾದ ಮೇಲೆ ಟಿಕೆಟ್‌ನ ಮೇಲೆ ಅಚ್ಚಾಗುವ ಬಿಎಲ್‌ಆರ್ ಎಂಬ ಸಂಕೇತ ದೇವನಹಳ್ಳಿಯ ಪಾಲಾಯಿತು. ಪೈಲಟ್‌ಗಳೂ ನಿಯಂತ್ರಕರೂ ಬಳಸುವ ವಿಒಬಿಜಿ ಎಂಬ ಸಂಕೇತ ಮಾತ್ರ ಹಳೆಯ ರನ್‌ವೇಯಲ್ಲಿಯೇ ಉಳಿಯಿತು, ಹೊಸದಕ್ಕೆ ವಿಒಬಿಎಲ್ ಎಂದು ಬೇರೆ ಕೊಟ್ಟರು. ಒಂದು ಸಂಕೇತ ಪ್ರಯಾಣಿಕರದ್ದು, ಇನ್ನೊಂದು ನೆಲದ್ದು.

ಒಪ್ಪಂದದ ಆ ಎರಡು ಷರತ್ತುಗಳು ಸರಿಯೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪ್ರಯಾಣಿಕರನ್ನು ಅಲ್ಲಿಂದ ಸ್ಥಳಾಂತರಿಸಿದ್ದು ಅನಿವಾರ್ಯವಾಗಿತ್ತು. ಹತ್ತಿರವೇ ಹಳೆಯ ನಿಲ್ದಾಣ ತೆರೆದಿದ್ದರೆ ದೇವನಹಳ್ಳಿಯ ಬಯಲಿನಲ್ಲಿ ಹಣ ಹೂಡುವವರು ಯಾರು? ಕೊಚ್ಚಿಯಲ್ಲಿಯೂ 1999ರಲ್ಲಿ ನೆಡುಂಬಾಶ್ಶೇರಿ ನಿಲ್ದಾಣ ಬಂದ ಮೇಲೆ ನೌಕಾಪಡೆಯ ರನ್‌ವೇಯಿಂದ ಪ್ರಯಾಣಿಕರು ಹೊರಟುಹೋದರು. ಆದರೆ 25 ವರ್ಷ ಎಂಬುದು ಅತಿಯಾಯಿತು. ಇಷ್ಟು ವರ್ಷ ಎಂದು ಬರೆಯುವ ಬದಲು, ಹೊಸ ನಿಲ್ದಾಣಕ್ಕೆ ಇಷ್ಟು ಪ್ರಯಾಣಿಕರು ಬಂದ ಮೇಲೆ ನಿರ್ಬಂಧ ತಾನಾಗಿ ಸಡಿಲಗೊಳ್ಳುತ್ತದೆ ಎಂದು ಬರೆದಿದ್ದರೆ ಹೂಡಿದವರಿಗೂ ನಷ್ಟವಿರುತ್ತಿರಲಿಲ್ಲ, ಹುಬ್ಬಳ್ಳಿಗೋ ಕೊಯಮತ್ತೂರಿಗೋ ಹೋಗುವ ಸಣ್ಣ ವಿಮಾನಗಳಿಗೆ ಹಳೆಯ ರನ್‌ವೇ ಉಪಯೋಗಕ್ಕೆ ಬರುತ್ತಿತ್ತು.

ಇನ್ನು ಮತ್ತೆ ತೆರೆಯುವ ಮಾತು. ಒಪ್ಪಂದದ ನಿರ್ಬಂಧ ಮುಗಿಯುವುದು 2033ರ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ತೆರೆಯಬೇಕಾದರೆ ದೇವನಹಳ್ಳಿಯ ಕಂಪನಿಯ ಒಪ್ಪಿಗೆ ಬೇಕು. ಆಮೇಲೂ ಬಾಗಿಲು ತಾನಾಗಿ ತೆರೆದುಕೊಳ್ಳುವುದಿಲ್ಲ, ಏಕೆಂದರೆ ಒಡೆಯನ ಕೆಲಸ ಈಗ ಮೊದಲಿಗಿಂತ ಹೆಚ್ಚಾಗಿದೆ. ಧ್ರುವ ಹೆಲಿಕಾಪ್ಟರ್ 1992ರಲ್ಲಿಯೂ ತೇಜಸ್ ಯುದ್ಧವಿಮಾನ 2001ರ ಜನವರಿಯಲ್ಲಿಯೂ ಮೊದಲು ಹಾರಿದ್ದು ಇಲ್ಲಿಂದಲೇ. ಅವುಗಳ ಪರೀಕ್ಷಾ ಹಾರಾಟಗಳು, ವಾಯುಪಡೆಯ ಪರೀಕ್ಷಾ ಕೇಂದ್ರದ ಹಾರಾಟಗಳು, ಖಾಸಗಿ ಜೆಟ್‌ಗಳು, ಗಣ್ಯರ ವಿಮಾನಗಳು ಎಲ್ಲವೂ ಆ ಒಂದೇ ರನ್‌ವೇಯನ್ನು ಹಂಚಿಕೊಳ್ಳುತ್ತಿವೆ. 2023ರ ಆಗಸ್ಟ್‌ನಲ್ಲಿ ಚಂದ್ರಯಾನ-3ರ ವಿಜ್ಞಾನಿಗಳನ್ನು ಅಭಿನಂದಿಸಲು ಪ್ರಧಾನಿ ಬಂದಿಳಿದದ್ದು ಇಲ್ಲಿಯೇ. ಎರಡನೆಯ ನಿಲ್ದಾಣಕ್ಕಾಗಿ ರಾಜ್ಯ ಸರ್ಕಾರ ಕನಕಪುರ ರಸ್ತೆ ಮತ್ತು ನೆಲಮಂಗಲದ ಕಡೆ ಜಾಗ ನೋಡುತ್ತಿರುವುದನ್ನು ಗಮನಿಸಿದರೆ, ದೊಡ್ಡ ವಿಮಾನಗಳು ಎಚ್‌ಎಎಲ್‌ಗೆ ಮರಳುತ್ತವೆಂಬ ಲೆಕ್ಕಾಚಾರ ಯಾರಿಗೂ ಇದ್ದಂತಿಲ್ಲ. ಹೆಚ್ಚೆಂದರೆ ಸಣ್ಣ ಪ್ರಾದೇಶಿಕ ಹಾರಾಟಗಳು ಬರಬಹುದು, ಅದೂ ಒಡೆಯನ ಬಿಡುವು ನೋಡಿಕೊಂಡು.

ನಿಮ್ಮ ಮನೆಯ ಮೇಲಿನ ವಿಮಾನಗಳ ವಿಷಯ ಸುಲಭದ್ದು. ರನ್‌ವೇ ಪೂರ್ವ-ಪಶ್ಚಿಮವಾಗಿ ಮಲಗಿದೆ, ಮಾರತಹಳ್ಳಿ ಅದರ ಪೂರ್ವದ ತುದಿಯಲ್ಲಿದೆ. ವಿಮಾನ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಬಲವಾಗಿರುವುದರಿಂದ ಇಳಿಯುವ ವಿಮಾನಗಳು ಪೂರ್ವದಿಂದ, ಅಂದರೆ ನಿಮ್ಮ ಮೇಲಿಂದ, ಚಕ್ರ ಇಳಿಬಿಟ್ಟುಕೊಂಡು ತೀರಾ ಕೆಳಗೆ ಬರುತ್ತವೆ. ಚಳಿಗಾಲದಲ್ಲಿ ಮೂಡಣ ಗಾಳಿ ಬೀಸತೊಡಗಿದಾಗ ಅವು ದೊಮ್ಮಲೂರಿನ ಕಡೆಯಿಂದ, ಗಾಲ್ಫ್ ಮೈದಾನದ ಮೇಲಿಂದ ಇಳಿಯುತ್ತವೆ. 1990ರ ಫೆಬ್ರುವರಿಯ ಆ ವಿಮಾನ ಬಂದದ್ದೂ ಅದೇ ದಾರಿಯಲ್ಲಿ. ಆ ತಿಂಗಳುಗಳಲ್ಲಿ ನಿಮ್ಮ ಮೇಲೆ ಹಾದುಹೋಗುವುದು ಆಗಷ್ಟೇ ನೆಲ ಬಿಟ್ಟು ಮೇಲೇರುತ್ತಿರುವ ವಿಮಾನಗಳು. ಅವು ನಿಮ್ಮಲ್ಲಿಗೆ ಬರುವ ಹೊತ್ತಿಗೆ ಎತ್ತರ ಪಡೆದಿರುವುದರಿಂದ ಕಣ್ಣಿಗೆ ಬೀಳುವುದು ಕಡಿಮೆ.